ಹೊಗೆಕೊಳವೆಗೆ ಬಳಿದ ಬೆಳ್ಳಿ ಬಣ್ಣ

ಅಕ್ಕ ಬೋಟಿಗೆ ಕಾಲಿಟ್ಟಾಗ ರಿಪೇರಿ ವರ್ಕ್‌ಶಾಪಿನ ಮೇಸ್ತ್ರಿ ಚಾಲಕನ ಕೋಣೆಯ ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದ. ಆ ವರ್ಕ್‌ಶಾಪಿನ ಪದ್ಧತಿಯೇ ಹಾಗೆ. ಎಂಜಿನ್ ಪರೀಕ್ಷೆ ಎಂದರೆ ಮೊದಲು ಕಿಟಕಿ, ಬಾಗಿಲು ಎಲ್ಲ ತೆರೆಯಬೇಕು, ಆಮೇಲೆ ಕೀಲಿ ತಿರುಗಿಸಬೇಕು.

"ಮುಚ್ಚಿ ಎಲ್ಲಾನೂ," ಎಂದಳು.

"ಉಸಿರು ಕಟ್ಟುತ್ತಮ್ಮ."

"ಕಟ್ಟುತ್ತಾ ಇಲ್ವಾ ಅಂತಾನೇ ನಾನು ನೋಡೋಕೆ ಬಂದಿರೋದು. ಈ ಚಳಿಗಾಳೀಲಿ ನನ್ನ ತಮ್ಮ ಮುಚ್ಕೊಂಡೇ ಓಡಿಸ್ತಿದ್ದ."

ಅವಳ ತಮ್ಮ ಹನ್ನೊಂದು ವರ್ಷದಿಂದ ಇದೇ ಬೋಟಿನ ಚಾಲಕ. ಕಳೆದ ವಾರ ಜನ ಹತ್ತಿ ಇಳಿಯುವ ಧಕ್ಕೆಗೆ ಬೋಟು ಗುದ್ದಿಸಿ, ತೂರಾಡುತ್ತ ಇಳಿದು, ಪ್ರಯಾಣಿಕರೆದುರೇ ವಾಂತಿ ಮಾಡಿಕೊಂಡಿದ್ದ. ಅಷ್ಟು ಸಾಕಾಯಿತು. ಕುಡುಕ ಎಂಬ ಹೆಸರು ಅವನಿಗಿಂತ ಮುಂಚೆ ಮನೆ ಮುಟ್ಟಿತ್ತು. ಜನಕ್ಕೆ ನಾಲಿಗೆ ಆಡಿಸಲು ನೆಪ ಸಿಕ್ಕರೆ ಊಟ ನಿದ್ದೆ ಬೇಡ. ನಾಳೆ ವಿಚಾರಣೆ. ಲೈಸೆನ್ಸು ಕಿತ್ತುಕೊಂಡರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಅಕ್ಕನಿಗೆ ಮಾತ್ರ ಡೀಸೆಲ್ ಎಂಜಿನ್ನಿನ ಒಳಹೊರಗು ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಜನರೇಟರ್ ರಿಪೇರಿಯೇ ಅವಳ ಕೆಲಸ.

"ಹೊಗೆ ಪೈಪು ಚೆನ್ನಾಗೇ ಇದೆ," ಎಂದರು ಧಕ್ಕೆಯ ಮೇಲೆ ನಿಂತ ಬೋಟ್ ಕಂಪನಿಯ ಮ್ಯಾನೇಜರು. "ತಪಾಸಣೆಗೆ ಅಂತ ಮೊನ್ನೆ ತಾನೇ ಬಣ್ಣ ಹೊಡೆಸಿದೀವಿ."

ಹೌದು, ಹೊಡೆಸಿದ್ದರು. ಅಕ್ಕ ಕೆಳಗೆ ಎಂಜಿನ್ ಕೋಣೆಗಿಳಿದು ಟಾರ್ಚ್ ಬಿಟ್ಟು ನೋಡಿದರೆ, ಪೈಪಿಗೆ ಸುತ್ತಿದ ಶಾಖ ತಡೆಯುವ ಪಟ್ಟಿಯ ಮೇಲೇ ಬೆಳ್ಳಿ ಬಣ್ಣ ಬಳಿದಿದ್ದರು. ಪಟ್ಟಿ ಬಿಚ್ಚಿ ನೋಡುವ ಕಷ್ಟವನ್ನು ಯಾವ ಮಹಾನುಭಾವನೂ ತೆಗೆದುಕೊಂಡಿರಲಿಲ್ಲ. ಬೆಸುಗೆಯ ಬಳಿ ಮಾತ್ರ ಬಣ್ಣ ಕಂದಿತ್ತು. ಚಾಕುವಿನಿಂದ ಸೀಳಿದಳು. ಒಳಗೆಲ್ಲ ಮಸಿ, ಮಸಿಯ ನಡುವೆ ಉಗುರು ತೂರುವಷ್ಟು ಬಿರುಕು.

ಎಂಜಿನ್ ಚಾಲೂ ಮಾಡಿಸಿ ಬಿರುಕಿನೆದುರು ಬಿಳಿ ಬಟ್ಟೆ ಹಿಡಿದಳು. ಅರೆ ನಿಮಿಷಕ್ಕೆ ಬಟ್ಟೆ ಕಪ್ಪಾಯಿತು. ಹೊಗೆ ಚುಕ್ಕಾಣಿಯ ತಂತಿ ಹಾದುಹೋಗುವ ತೂತಿನಿಂದ ಮೇಲೇರಿ, ಚಾಲಕನ ಕಾಲಬುಡದಲ್ಲೇ ಕೋಣೆಯೊಳಕ್ಕೆ ನುಗ್ಗುತ್ತಿತ್ತು. ಡೀಸೆಲ್ ವಾಸನೆಯಲ್ಲೇ ಬದುಕುವ ಮೂಗುಗಳಿಗೆ ಅದು ಗೊತ್ತಾಗುವುದಾದರೂ ಹೇಗೆ? ಅವಳ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯನಿಗೆ ದಿನಾ ವಿಷ ಕುಡಿಸಿ, ಅವನನ್ನೇ ಕುಡುಕ ಎಂದಿದ್ದರು.

"ಬನ್ನಿ ಸಾರ್, ಕೂತು ನೋಡಿ," ಎಂದು ಮ್ಯಾನೇಜರನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿ ತಾನೂ ಪಕ್ಕದಲ್ಲಿ ನಿಂತಳು. ಹತ್ತು ನಿಮಿಷಕ್ಕೆ ಅವರು ಹಣೆ ಒತ್ತಿಕೊಳ್ಳತೊಡಗಿದರು.

"ಏನ್ಸಾರ್, ಬೆಳಿಗ್ಗೇನೇ ಹಾಕ್ಕೊಂಡ್ರಾ?"

ಮೇಸ್ತ್ರಿ ಮುಖ ಆಚೆ ತಿರುಗಿಸಿ ನಕ್ಕ. ಮ್ಯಾನೇಜರು ಹೊರಬಂದು, ಅವಳು ಹೇಳಿದಂತೆಯೇ ಬರೆದುಕೊಟ್ಟರು: ದೋಷ ಪೈಪಿನದು, ಚಾಲಕನದಲ್ಲ.

ಆ ಕಾಗದ ಹಿಡಿದು ಅಕ್ಕ ಗೆದ್ದವಳಂತೆ ಮನೆಗೆ ಬಂದಳು. ತಮ್ಮ ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡ.

"ಅವರಿಗೆ ಸರಿಯಾಗಿ ಬೆವರಿಳಿಸಿ ಬಂದೆ ಕಣೋ," ಎಂದಳು. "ಒಬ್ಬರಾದ್ರೂ ನಿನ್ನ ಮಾತು ನಂಬಿದ್ರಾ?"

"ಇಲ್ಲ," ಎಂದ ತಮ್ಮ. "ಬೋಟು ಹತ್ತಿದ್ರೆ ತಲೆ ಸಿಡಿಯುತ್ತೆ, ಒಂದ್ಸಲ ಬಂದು ನೋಡಕ್ಕಾ ಅಂತ ನಾಲ್ಕು ತಿಂಗಳ ಹಿಂದೇನೇ ಕೇಳಿದ್ದೆ. ನೀನು ಹತ್ತಿರ ಬಂದು ನನ್ನ ಬಾಯಿ ಮೂಸಿದೆ."

ಅಕ್ಕನ ಕೈಯಲ್ಲಿ ಮಸಿ ಇನ್ನೂ ಹಾಗೇ ಇತ್ತು. ತೊಳೆಯಲು ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.