ಬೀರುವಿನ ಹಿಂದಿನ ಗೋಡೆ

“ನಿನ್ನ ಮೈಮೇಲೆ ಯಾವತ್ತೂ ಕೈ ಮಾಡಲ್ಲ” ಎಂದು ಅವನು ಮದುವೆಗೆ ಮುಂಚೆಯೇ ಮಾತು ಕೊಟ್ಟಿದ್ದ. ಅಪ್ಪನ ಕೈಯಲ್ಲಿ ಅಮ್ಮ ಏಟು ತಿನ್ನುವುದನ್ನು ನೋಡುತ್ತಲೇ ಬೆಳೆದವಳು ಅವಳು. ಒಡವೆ ಕೇಳಲಿಲ್ಲ, ಬಟ್ಟೆಬರೆ ಕೇಳಲಿಲ್ಲ, ಅದೊಂದನ್ನೇ ಕೇಳಿದ್ದಳು.

ಈಗ ಮಗಳು, ಅಳಿಯ ಬಂದು ತಿಂಗಳೊಪ್ಪತ್ತು ಇರುವವರಿದ್ದರು. ಅವರಿಗೆ ಬಿಟ್ಟುಕೊಡಬೇಕಾದ ಕೋಣೆಯ ಗೋಡೆಗೆ ಹಲಗೆ ಹೊದಿಸಲು ಬಂದ ಬಡಗಿ, ಬೀರುವನ್ನು ಆಚೆ ಸರಿಸಿದವನೇ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ಹಳೇ ಸುಣ್ಣದ ಗಾರೆ. ಬಟ್ಟಲಿನಷ್ಟು ಬಟ್ಟಲಿನಷ್ಟು ಗುಂಡಿ ಬಿದ್ದು ಒಳಗಿನ ಇಟ್ಟಿಗೆ ಕೆಂಪಗೆ ಇಣುಕುತ್ತಿತ್ತು.

“ಏನಣ್ಣ ಇದು, ಗೋಡೆ ಜೊತೆ ಕುಸ್ತಿಗೆ ಬಿದ್ದಿದ್ರಾ?”

“ಬೀರು ಸರಿಸುವಾಗ ತಾಗಿದ್ದು” ಎಂದ ಪಕ್ಕದಲ್ಲೇ ನಿಂತಿದ್ದ ಅವನು.

“ಒಳ್ಳೇ ಕುಡುಕ ಬೀರು ಬಿಡಿ! ಆ ಕಡೆ ಗುದ್ದಿದೆ, ಈ ಕಡೆ ಗುದ್ದಿದೆ, ಮಧ್ಯ ಇಷ್ಟಗಲ ಮಾತ್ರ ಮುಟ್ಟೇ ಇಲ್ಲ.” ಬಡಗಿ ಎರಡು ಕೈ ಅಗಲಿಸಿ ತೋರಿಸಿದ. ಒಬ್ಬರು ನಿಲ್ಲುವಷ್ಟು ಅಗಲ.

ಸಿಟ್ಟು ನೆತ್ತಿಗೇರಿದಾಗಲೆಲ್ಲ ಅವನು ಮುಂದೆ ಮುಂದೆ ಬರುತ್ತಿದ್ದ, ಅವಳು ಹಿಂದೆ ಸರಿದು ಸರಿದು ಅಲ್ಲಿಗೇ ಬೆನ್ನು ತಾಗಿಸುತ್ತಿದ್ದಳು. ಅವಳ ಕಿವಿಯ ಆಚೆಗೊಂದು, ಈಚೆಗೊಂದು ಗುದ್ದು. ಗೋಡೆಗೆ ಗುದ್ದಿ ಅವನ ಗೆಣ್ಣು ಒಡೆದು ರಕ್ತ ಬಂದರೆ ಅವಳೇ ಅರಿಶಿನ ಹಚ್ಚುತ್ತಿದ್ದಳು. ಆಗೆಲ್ಲ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಮಾತು ಉಳಿಸಿಕೊಂಡೆ ಎಂದು. ಮಗಳು ಒಂದು ದಿನ ನಡುವೆ ಬಂದು ನಿಂತ ಮೇಲೆ ಅದು ನಿಂತಿತು; ಗೋಡೆಗೆ ಬೀರು ಅಡ್ಡ ಬಂತು.

ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಹೆಂಡತಿ, “ತೇವ ಕಣಪ್ಪ. ಬೀರು ಸ್ವಲ್ಪ ತಗುಲಿದ್ರೂ ಉದುರುತ್ತೆ” ಅಂದಳು. ಚೂರೂ ತಡವರಿಸಲಿಲ್ಲ. ಇಷ್ಟು ಸಲೀಸಾಗಿ ಬರಬೇಕಾದರೆ ಇದನ್ನು ಇನ್ನೆಷ್ಟು ಜನರ ಮುಂದೆ ಹೇಳಿದ್ದಾಳೋ ಅನ್ನಿಸಿ ಅವನ ಕಿವಿ ಬಿಸಿಯಾಯಿತು. ಬಸ್ಸು ಓಡಿಸುವವನು ಅವನು. ದಾರಿಗೆ ಅಡ್ಡ ಬಂದವರನ್ನೂ ಬೈಯದ ತಣ್ಣನೆಯ ಮನುಷ್ಯ ಎಂದು ಡಿಪೋದಲ್ಲಿ ಹೆಸರು.

ಬಡಗಿ ಗುಂಡಿಗಳಿಗೆಲ್ಲ ಪುಟ್ಟಿ ಮೆತ್ತಿ ಹೋದ. ಮರುದಿನ ಬಂದು, ಹಲಗೆಗೆ ಅಂಟು ಬಳಿದು ಗೋಡೆಗೆ ಒತ್ತಿದ.

“ಅಕ್ಕ, ಅಂಟು ಹಿಡ್ಕೊಳ್ಳೋವರೆಗೂ ಇದಕ್ಕೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ನಾನು ಇನ್ನೊಂದು ಕೊಯ್ಕೊಂಡು ಬರ್ತೀನಿ.”

“ನಾನಲ್ಲಿ ನಿಲ್ಲಲ್ಲ.”

“ಮೈಮೇಲೆ ಬೀಳಲ್ಲ ಅಕ್ಕ, ಹೆದರ್ಬೇಡಿ.”

“ನಿಲ್ಲಲ್ಲ ಅಂದ್ನಲ್ಲಪ್ಪ. ಇವರು ನಿಲ್ಲಲಿ.”

ಅವನು ಹೋಗಿ ಬೆನ್ನು ಕೊಟ್ಟು ನಿಂತ. ಹೊರಗೆ ಗರಗಸದ ಸದ್ದು ಶುರುವಾಯಿತು. ಇಷ್ಟು ವರ್ಷ ಆ ಕೋಣೆಯಲ್ಲಿ ಮಲಗಿ ಎದ್ದವನು ಅಲ್ಲಿಂದ ಅದನ್ನು ನೋಡಿಯೇ ಇರಲಿಲ್ಲ. ಎಡಕ್ಕೆ ಮೂಲೆ, ಬಲಕ್ಕೆ ಮಂಚ. ಬಾಗಿಲಿಗೆ ಹೋಗಬೇಕೆಂದರೆ ಎದುರಿಗೆ ನಿಂತವರು ದಾರಿ ಬಿಡಬೇಕು.

“ಅಲ್ಲ ಕಣೇ, ಇಲ್ಲಿ ನಿಂತ್ರೆ…” ಎಂದು ಏನೋ ಹೇಳಹೊರಟ.

“ಅಲ್ಲಾಡ್ಬೇಡಿ. ಅಂಟು ಬಿಡುತ್ತೆ.”

ಹಲಗೆಯ ಅಂಚಿನಿಂದ ಉಕ್ಕಿದ ಅಂಟು ಅವನ ಕಿವಿಯ ಪಕ್ಕದಲ್ಲಿ ಇಳಿಯುತ್ತಿತ್ತು. ಒರೆಸಲೆಂದು ಅವಳು ಬಟ್ಟೆ ಹಿಡಿದ ಕೈಯನ್ನು ಸರ್ರನೆ ಎತ್ತಿದಳು. ಅವನ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ತಲೆ ಭುಜದೊಳಗೆ ಹುದುಗಿತು.

ಕಣ್ಣು ಬಿಟ್ಟಾಗ ಅವಳ ಕೈ ಗಾಳಿಯಲ್ಲೇ ಇತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅಂಟನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒರೆಸಿ, ಬಟ್ಟೆ ಮಡಚಿಕೊಂಡು ಹೊರಗೆ ಹೋದಳು.

ಅವನು ಮಾತು ಮುರಿದಿರಲಿಲ್ಲ. ಅವಳ ಮೈಮೇಲೆ ಒಂದು ಸಲವೂ ಕೈ ಮಾಡಿರಲಿಲ್ಲ.