ಚೀಟಿ ಹೊಸದು, ಪುಡಿ ಅದೇ

"ಆ ಅರಿಶಿನ ಬ್ಯಾಡ," ಎಂದು ರೇಣುಕಮ್ಮ ಹೊಳೆಮ್ಮನ ಮಣಿಕಟ್ಟು ಹಿಡಿದಳು.

ಅಂಜಿನೇಯನ ಹೆಣಕ್ಕೆ ಆಗಷ್ಟೇ ನೀರು ಹಾಕಿದ್ದರು. ಎದುರುಮನೆಯ ಹೊಳೆಮ್ಮ ಬಿಳಿ ಪ್ಲಾಸ್ಟಿಕ್ ಡಬ್ಬಿಯಿಂದ ಅರಿಶಿನವನ್ನು ಅಂಗೈಗೆ ಸುರಿದುಕೊಂಡಿದ್ದಳು. ಗಂಡನ ಹೆಣ ಬಿಟ್ಟು ಬಂದು ರೇಣುಕಮ್ಮ ತನ್ನ ಕೈ ಯಾಕೆ ಹಿಡಿದಳೆಂದು ಅವಳಿಗೆ ತಿಳಿಯಲಿಲ್ಲ.

"ಈ ಡಬ್ಬಿ ಒಡದೋತು ಅಂದಿದ್ದಿಯಲ್ಲ," ಎಂದಳು ರೇಣುಕಮ್ಮ.

ಹೊಳೆಮ್ಮ ತಲೆ ತಗ್ಗಿಸಿದಳು. "ಅಣ್ಣ ಕೊಟ್ಟಿದ್ದನ್ನ ವಾಪಸ್ ಕೇಳ್ತಾನಲ್ಲ ಅಂತ ಸಿಟ್ಟು ಬಂದಿತ್ತಕ್ಕ."

ಅಂಗಳದಲ್ಲಿ ಕೂತಿದ್ದ ಮುದುಕನೊಬ್ಬ, "ಕಡೀಕ ಅವನ ತಲಿ ಸರಿ ಇರಲಿಲ್ಲ ಬಿಡ್ರಿ. ಮನಿಮನಿಗೆ ಹೋಗಿ ಖಾಲಿ ಡಬ್ಬಿ ಬೇಡ್ತಿದ್ದ," ಎಂದ. ಅಂಜಿನೇಯನ ಜೊತೆ ಕೆಲಸ ಮಾಡುತ್ತಿದ್ದ ಪಂಪಣ್ಣ ಮೂಗಿಗೆ ಟವಲ್ ಒತ್ತಿಕೊಂಡು ಕೂತಿದ್ದ. ಯಾರೋ ಅಂಗಡಿಯಿಂದ ಅರಿಶಿನದ ಪೊಟ್ಟಣ ತಂದರು.

*

ಸಂಡೂರಿನ ಗುಡ್ಡಗಳಿಂದ ಅದಿರು ಲಾರಿಗಳು ಬಿಡುವಿಲ್ಲದೆ ಇಳಿಯುತ್ತಿದ್ದ ವರ್ಷಗಳು ಅವು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡಲು ಹೊಸಪೇಟೆಯಲ್ಲಿ ಸಣ್ಣಪುಟ್ಟ ಲ್ಯಾಬುಗಳು ಎದ್ದಿದ್ದವು. ಅಂಥ ಒಂದರಲ್ಲಿ ಅಂಜಿನೇಯ ಗಾಜಿನ ಪಾತ್ರೆ ತೊಳೆಯುತ್ತಿದ್ದ, ಪರೀಕ್ಷೆಗೆಂದು ಕಿತ್ತಳೆ ಬಣ್ಣದ ಪುಡಿಯೊಂದನ್ನು ನೀರಿಗೆ ಕಲಸಿ ಕೊಡುತ್ತಿದ್ದ. ಪುಡಿ ಖಾಲಿಯಾದ ಡಬ್ಬಿಗಳನ್ನು ತೊಳೆದು ಮನೆಗೆ ತರುತ್ತಿದ್ದ. ಬಿಗಿ ಮುಚ್ಚಳ, ಇರುವೆ ಹೋಗುತ್ತಿರಲಿಲ್ಲ. ಓಣಿಯ ಹೆಂಗಸರು ಅರಿಶಿನ, ಖಾರ ಹಾಕಿಡಲು ಕೇಳಿ ಒಯ್ಯುತ್ತಿದ್ದರು. ನಾಲ್ಕು ಮನೆಗೆ ಕೊಡುವಂಥದ್ದು ತನ್ನ ಹತ್ತಿರವೂ ಇದೆ ಎಂದು ಅವನಿಗೆ ಹಿಗ್ಗು.

೨೦೦೯ರ ಬೇಸಿಗೆಯಲ್ಲಿ ಬಂದ ಡಬ್ಬಿಗಳ ಮೇಲೆ ಬೇರೆ ಚೀಟಿಗಳಿದ್ದವು. ಕೆಂಪು ಗೆರೆಯ ಚೌಕಗಳ ಒಳಗೆ ಚಿತ್ರಗಳು: ಸತ್ತ ಮೀನು, ತೂತು ಬಿದ್ದ ಕೈ, ಎದೆ ಒಡೆದ ಮನುಷ್ಯ.

"ಎಲ್ಲಾ ದೇಶಕ್ಕೂ ಒಂದ ನಮೂನಿ ಚಿತ್ರ ಮಾಡ್ಯಾರಂತ," ಎಂದ ಪಂಪಣ್ಣ. "ಓದಾಕ ಬರಲಾರದವ್ರಿಗೂ ತಿಳೀಲಿ ಅಂತ."

ಅಂಜಿನೇಯ ತನ್ನ ಕೈ ನೋಡಿಕೊಂಡ. ಬೆರಳ ಗಂಟುಗಳ ಮೇಲೆ ಮಾಯದ ಸಣ್ಣ ಕುಳಿಗಳಿದ್ದವು. "ಪುಡಿ ಬ್ಯಾರೆ ಬಂತೇನು?"

"ಪುಡಿ ಅದೇ. ಚೀಟಿ ಹೊಸದು."

ಅಂದು ಸಂಜೆಯೇ ಅವನು ಸ್ಟೀಲ್ ಡಬ್ಬಿಗಳನ್ನು ಕೊಂಡು ತಂದ. ಮನೆಮನೆಗೆ ಹೋಗಿ ಅವನ್ನು ಕೊಟ್ಟು ಹಳೆಯವನ್ನು ಇಸಿದುಕೊಂಡ. ಯಾಕೆಂದು ಹೇಳಲಿಲ್ಲ. ಹೊಳೆಮ್ಮ ಮಾತ್ರ ಒಡೆದುಹೋಯಿತು ಅಂದಳು. ಅವನು ನಂಬಲಿಲ್ಲ. ಮತ್ತೆ ಮತ್ತೆ ಹೋಗಿ ಕೇಳಿ ಬೈಸಿಕೊಂಡು ಬಂದ.

"ಖರೇ ಹೇಳಿಬಿಡು," ಅಂದಿದ್ದಳು ರೇಣುಕಮ್ಮ.

"ಆಕಿಗೆ ಎರಡು ಸಲ ಬಸುರು ನಿಲ್ಲಲಿಲ್ಲ. ಹೆಂಗ ಹೇಳ್ಲಿ?"

"ನಿನ್ನ ಡಬ್ಬಿಯಿಂದಾನ ಆತು ಅಂತ ಯಾರು ಹೇಳಿದ್ರು?"

"ಅಲ್ಲ ಅಂತ ಯಾರು ಹೇಳ್ತಾರ?"

ಆಮೇಲೆ ಅವನು ಸರಿಯಾಗಿ ಉಣ್ಣಲಿಲ್ಲ. ಎದುರುಮನೆಯಲ್ಲಿ ಒಗ್ಗರಣೆ ಚಟಪಟ ಎಂದರೆ ತಟ್ಟೆ ಸರಿಸಿ ಏಳುತ್ತಿದ್ದ. ಕೆಮ್ಮು ಮೊದಲೇ ಇತ್ತು. ಡಾಕ್ಟರು ಎದೆಯ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದಾಗ ಅವನು ಅದರ ಕಡೆ ನೋಡಲೇ ಇಲ್ಲ.

*

ಮಣ್ಣು ಮಾಡಿ ಬಂದಾಗ ಬಿಸಿಲು ಇಳಿದಿತ್ತು. ಪಂಪಣ್ಣ ಪಾಳಿಗೆ ಹೊತ್ತಾಯಿತೆಂದು ಹೊರಟ. ಬೇರೆಯವರೂ ಚದುರಿದರು. ಹೊಳೆಮ್ಮ ಉಳಿದಳು.

"ಅಕ್ಕಾ, ಅಣ್ಣ ಆ ಡಬ್ಬಿ ಯಾಕ ಕೇಳ್ತಿದ್ದ?"

ರೇಣುಕಮ್ಮ ಅವಳನ್ನು ನೋಡಿದಳು. ನೆರಿಗೆಯ ಕೆಳಗೆ ಹೊಟ್ಟೆ ಸ್ವಲ್ಪ ಉಬ್ಬಿತ್ತು.

"ಎಷ್ಟು ತಿಂಗಳು?"

"ನಾಕು. ಯಾರಿಗೂ ಹೇಳಿಲ್ಲ."

ಗಂಡ ನುಂಗಿಕೊಂಡು ಸತ್ತ ಮಾತನ್ನು ತಾನೂ ನುಂಗಬಹುದಿತ್ತು. ರೇಣುಕಮ್ಮ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪುಡಿಯ ಬಗ್ಗೆ, ಚಿತ್ರಗಳ ಬಗ್ಗೆ ಹೇಳಿದಳು. ಎರಡು ಬಸುರಿನ ಮಾತು ಬಂದಾಗ, "ಅದಕ್ಕ ಆತೋ ಇಲ್ಲೋ ಗೊತ್ತಿಲ್ಲವ್ವ. ಅವಗೂ ಗೊತ್ತಿರಲಿಲ್ಲ," ಎಂದಳು.

ಹೊಳೆಮ್ಮ ಅಳಲಿಲ್ಲ. ಎದ್ದು ಓಣಿ ದಾಟಿದಳು.

ಅವಳ ಮನೆಯೊಳಗಿಂದ ಅದೇ ಅರಿಶಿನದ ಸಾರಿನ ವಾಸನೆ ಬರುತ್ತಿತ್ತು. ಅತ್ತೆ, "ಕಾಲು ತೊಳಕೊಂಡು ಬಾ, ಉಣ್ಣಾಕ," ಎಂದು ಕೂಗಿದಳು. ಹೊಳೆಮ್ಮ ಬಾಗಿಲ ಬಳಿಯ ಬಕೆಟ್ಟಿನಿಂದ ಕಾಲಿಗೆ ನೀರು ಹಾಕಿಕೊಂಡಳು. ಹೊಸ್ತಿಲು ದಾಟಲಿಲ್ಲ. ಇನ್ನೊಂದು ತಂಬಿಗೆ ಹಾಕಿಕೊಂಡಳು. ಬಕೆಟ್ಟು ಬರಿದಾದ ಮೇಲೂ ಒದ್ದೆ ಕಾಲಲ್ಲಿ, ಖಾಲಿ ತಂಬಿಗೆ ಹಿಡಿದು, ತನ್ನ ಮನೆಯ ಬಾಗಿಲ ಹೊರಗೆ ನಿಂತೇ ಇದ್ದಳು.