ಲೋಟದಲ್ಲಿ ಕಾಣದೆ ಹೋದ ನೀರು

ಸಾವಿನ ಸುದ್ದಿ ಬಂದ ಮನೆಯಲ್ಲಿ ಯಾರಿಗೆ ತಾನೇ ತಾಳ್ಮೆ ಉಳಿಯುತ್ತದೆ? ಹಲ್ಲಿನ ಡಾಕ್ಟರಿಗೂ ಉಳಿಯಲಿಲ್ಲ. ಊರಲ್ಲಿ ಅಪ್ಪ ಆಸ್ಪತ್ರೆ ಸೇರಿದ ಮೇಲೆ ಅವರು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಬೆಳಗ್ಗೆ ಆರಕ್ಕೆ ತಮ್ಮ ಫೋನ್ ಮಾಡಿದ.

"ಅಪ್ಪ ಹೋದ್ರು ಕಣಣ್ಣ. ಎರಡು ಗಂಟೆಗೆ ಮಣ್ಣು. ಅದಕ್ಕಿಂತ ತಡ ಮಾಡೋಕಾಗಲ್ಲ."

ರಸ್ತೆಯಲ್ಲಿ ಹೋದರೆ ಒಂಬತ್ತು ಗಂಟೆಯ ದಾರಿ. ಆದರೆ ಡಾಕ್ಟರಿಗೆ ನಾಲ್ಕು ಸೀಟಿನ ಸ್ವಂತ ವಿಮಾನವಿತ್ತು, ಹನ್ನೆರಡು ವರ್ಷ ಹಾರಿಸಿ ಪಳಗಿದ ಕೈಯಿತ್ತು. "ಎರಡು ಗಂಟೆ ಸಾಕು, ಹೊರಡು" ಎಂದು ಹೆಂಡತಿಯನ್ನು ಅವಸರಪಡಿಸಿದರು. ಆಕೆ ಹೊರಟಳು. ಅಳುವ ಗಂಡನೊಂದಿಗೆ ವಾದ ಮಾಡುವುದುಂಟೇ?

ವಿಮಾನ ನಿಲ್ಲಿಸುವ ಶೆಡ್ಡಿನ ದುರಸ್ತಿ ನಡೆದಿದ್ದರಿಂದ ಅದು ಮೂರು ವಾರ ಹೊರಗೆ ಮೈದಾನದಲ್ಲಿ, ಮಳೆಯಲ್ಲಿ ನಿಂತಿತ್ತು. ಡಾಕ್ಟರು ರೆಕ್ಕೆಯ ಕೆಳಗಿನ ನಲ್ಲಿಯಿಂದ ಪಾರದರ್ಶಕ ಲೋಟಕ್ಕೆ ಪೆಟ್ರೋಲ್ ಬಸಿದು ನೋಡಿದರು. ನೀರು ಸೇರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ, ನಡುವೆ ಗೆರೆ ಕಾಣುತ್ತದೆ. ಗೆರೆ ಇರಲಿಲ್ಲ.

"ಚೊಕ್ಕವಾಗಿದೆ" ಎಂದರು.

ಅಲ್ಲೇ ಇದ್ದ ವಿಮಾನ ರಿಪೇರಿಯ ಮೇಸ್ತ್ರಿ ಲೋಟ ತೆಗೆದುಕೊಂಡು ಆಕೆಯ ಮೂಗಿನ ಹತ್ತಿರ ಹಿಡಿದ. "ಅಮ್ಮಾ, ಮೂಸಿ ನೋಡಿ."

"ಏನೂ ವಾಸನೆ ಇಲ್ವಲ್ಲ."

"ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಇರುತ್ತೆ. ಇದ್ರಲ್ಲಿ ಎಲ್ಲಿದೆ? ಗೆರೆ ಕಾಣದೇ ಇರೋದು ಯಾಕಂದ್ರೆ, ಲೋಟದ ತುಂಬ ಬರೀ ನೀರು."

ಆ ನೀರು ಒಳಗೆ ಹೋಗಿದ್ದರೆ ಎಂಜಿನ್ ಆಕಾಶದಲ್ಲೇ ನಿಂತುಹೋಗುತ್ತಿತ್ತು.

"ಬಸಿದುಬಿಡಿ, ಹೋಗೋಣ" ಎಂದರು ಡಾಕ್ಟರು.

"ವಿಮಾನಾನ ಎರಡು ಗಂಟೇಲಿ ಸರಿ ಮಾಡ್ತೀನಿ ಸಾರ್. ನಿಮ್ಮನ್ನ ಸರಿ ಮಾಡೋಕೆ ನನ್ನ ಹತ್ರ ಸ್ಪ್ಯಾನರ್ ಇಲ್ಲ. ಹನ್ನೆರಡು ವರ್ಷದಲ್ಲಿ ನೀರು ಯಾವ್ದು, ಪೆಟ್ರೋಲ್ ಯಾವ್ದು ಅಂತ ನಿಮಗೆ ಗೊತ್ತಾಗದೇ ಹೋಗಿದ್ದು ಇವತ್ತೇ."

"ನನಗೇ ಪಾಠ ಹೇಳ್ತೀಯಾ? ಸತ್ತಿರೋದು ನಮ್ಮಪ್ಪ."

"ಅದಕ್ಕೇ ಹೇಳ್ತಿರೋದು ಸಾರ್. ನಿದ್ದೆ ಇಲ್ಲ, ಮನಸ್ಸು ಇಲ್ಲಿಲ್ಲ. ಮೇಲೆ ಹೋದ್ಮೇಲೆ ಇನ್ನೇನು ಕಾಣದೆ ಹೋಗುತ್ತೋ."

ಹೆಂಡತಿ ಕೈ ಚಾಚಿದಳು. "ರೀ, ಕಾರಿನ ಕೀ ಕೊಡಿ. ರಾತ್ರಿ ನಾನು ಮಲಗಿದ್ದೆ, ನಾನೇ ಓಡಿಸ್ತೀನಿ."

"ಕಾರಲ್ಲಿ ಹೋದ್ರೆ ಅಪ್ಪನ ಮುಖ ನೋಡೋಕೆ ಸಿಗಲ್ಲ ಕಣೇ."

"ಸಿಗಲ್ಲ" ಎಂದಳು. ಸುಳ್ಳು ಸಮಾಧಾನ ಹೇಳಲು ಆಕೆಗೆ ಬಾಯಿ ಬರಲಿಲ್ಲ. ಡಾಕ್ಟರು ಮೇಸ್ತ್ರಿಯ ಕೈಯಿಂದ ಲೋಟ ತೆಗೆದುಕೊಂಡು ತಾವೇ ಮೂಸಿ ನೋಡಿ ಕೀ ಕೊಟ್ಟರು.

ಊರು ತಲುಪಿದಾಗ ಸಂಜೆ ಐದಾಗಿತ್ತು, ಎಲ್ಲ ಮುಗಿದಿತ್ತು. ಡಾಕ್ಟರು ಹಸಿಮಣ್ಣಿನ ಮೇಲೆ ಕೈಯಿಟ್ಟು ಮಗುವಿನಂತೆ ಅತ್ತರು. ಆ ನೋವು ಅವರಿಗೆ ಇಂದಿಗೂ ಹೋಗಿಲ್ಲ. ಹೆಂಡತಿ ಅತ್ತೆಗೆ ಲೋಟದ ಕಥೆ ಹೇಳಿದಳು. ಮುದುಕಿ ಮಗನ ಗದ್ದ ಹಿಡಿದೆತ್ತಿದಳು.

"ನನ್ನ ಕೈಲಿ ಇನ್ನೊಂದು ಗುಂಡಿ ತೋಡಿಸಲಿಲ್ವಲ್ಲ ಮಗಾ, ಅಷ್ಟು ಸಾಕು."

ವಿಮಾನ ಹಾರಿಸುವ ಅಣ್ಣಂದಿರೇ, ಅಕ್ಕಂದಿರೇ, ಪ್ರತಿ ಸಲ ಪೆಟ್ರೋಲ್ ಬಸಿದು ಬಣ್ಣ ನೋಡಿ, ವಾಸನೆ ನೋಡಿ. ಆಮೇಲೆ ನಿಮ್ಮನ್ನೂ ನೋಡಿಕೊಳ್ಳಿ. ನಿದ್ದೆಗೆಟ್ಟಿದ್ದರೆ, ಜ್ವರವಿದ್ದರೆ, ಎದೆಯಲ್ಲಿ ದುಃಖವಿದ್ದರೆ ಅಂದು ಹಾರಬೇಡಿ. ತಡವಾಗಿ ಬಂದರೆ ಮನೆಯವರು ಬೈದಾರು. ಬೈಸಿಕೊಳ್ಳುವುದಕ್ಕಾದರೂ ಮನೆ ಸೇರಿ.